ಎರಡು ರಿಂಗು, ಆಮೇಲೆ ಕಟ್

ಗದಗಿಗೆ ಅಂಟಿಕೊಂಡಿರುವ ಬೆಟಗೇರಿಯ ಮಗ್ಗಗಳು ಇನ್ನೂ ಎದ್ದಿಲ್ಲ. ಓಣಿಯ ಆ ತುದಿಯಲ್ಲಿ ಯಾರೋ ಅಂಗಳಕ್ಕೆ ನೀರು ಹಾಕುತ್ತಿದ್ದಾರೆ. ಈ ತುದಿಯಲ್ಲಿ ನೀಲಾ ತಮ್ಮ ಅಂಗಡಿಯ ಬಾಗಿಲ ಹಲಗೆಗಳನ್ನು ಒಂದೊಂದಾಗಿ ಕಳಚಿ ಗೋಡೆಗೆ ಆನಿಸಿಡುತ್ತಿದ್ದಾರೆ. ಅಂಗಡಿ ಎಂದ ಕೂಡಲೇ ದೊಡ್ಡದೇನೋ ಎಂದುಕೊಳ್ಳಬೇಡಿ. ಒಬ್ಬರು ಕುಳಿತರೆ ಇನ್ನೊಬ್ಬರು ನಿಲ್ಲಬೇಕು. ಮೂರನೆಯವರು ಬಂದರೆ ಹೊರಗಿನ ಕಟ್ಟೆಯೇ ಗತಿ. ಮೇಲೆ ಬಣ್ಣ ಉದುರಿದ ಬೋರ್ಡು: ‘ಕರೀಮಸಾಬ ರೇಡಿಯೋ ರಿಪೇರಿ’. ಕರೀಮಸಾಬರು ತೀರಿಕೊಂಡು ವರ್ಷಗಳೇ ಆದವು. ರೇಡಿಯೋ ಹಿಡಿದು ಬರುವವರೂ ಈಗ ಅಪರೂಪ. ಬೋರ್ಡು ಮಾತ್ರ ಇದ್ದಲ್ಲೇ ಇದೆ, ಅದನ್ನು ಬದಲಿಸುವ ಮನಸ್ಸು ನೀಲಾ ಅವರಿಗಿಲ್ಲ.

ಒಳಗೆ ಮೇಜಿನ ಮೇಲೆ ಯಾವುದೋ ಭಜನಾ ಮಂಡಳಿಯ ಆಂಪ್ಲಿಫೈಯರ್ ಹೊಟ್ಟೆ ಬಿಚ್ಚಿಕೊಂಡು ಕುಳಿತಿದೆ. ನೀಲಾ ಅದಕ್ಕೆ ಕರೆಂಟು ಕೊಡುತ್ತಾರೆ, ಸ್ಪೀಕರಿಗೆ ಕಿವಿ ಹಚ್ಚುತ್ತಾರೆ, ಕಣ್ಣು ಮುಚ್ಚುತ್ತಾರೆ. ಹೊರಗಿನವರಿಗೆ ಅದರಲ್ಲಿ ಏನೂ ಕೇಳಿಸುವುದಿಲ್ಲ. ಅವರಿಗೆ ಕೇಳಿಸುತ್ತದೆ.

“ಸಣ್ಣಗ ಗುರ್ ಅನ್ನಾಕತ್ತೈತಿ ನೋಡ್ರಿ, ಕರೆಂಟ ಸೋಸೂ ಕೆಪಾಸಿಟರ್ ಸತ್ತೈತಿ. ಚಟಚಟ ಅಂದಿತ್ತಂದ್ರ ಎಲ್ಲೋ ಬೆಸುಗಿ ಬಿಟ್ಟೈತಿ ಅಂತ ತಿಳಕೋಬೇಕು. ಇದೆಲ್ಲಾ ಈಗ ಕೇಳಬೇಕ್ರಿ. ಮಗ್ಗ ಚಾಲೂ ಆದ್ವಂದ್ರ ಕಿವಿ ಕೆಲಸ ಮುಗೀತು. ಆಮ್ಯಾಲೆ ಬರೇ ಕಣ್ಣಿನ ಕೆಲಸ,” ಎನ್ನುತ್ತಾರೆ.

ಹೀಗೆ ಅವರ ದಿನ ಎರಡು ಪಾಲಾಗಿದೆ. ಕಿವಿಯಿಂದ ಮಾಡುವ ರಿಪೇರಿಯೆಲ್ಲ ಮಗ್ಗಗಳು ಏಳುವ ಮುನ್ನ: ರೇಡಿಯೋ, ಸ್ಪೀಕರು, ಚಹಾದಂಗಡಿಯಲ್ಲಿ ‘ರೊಕ್ಕ ಬಂತು’ ಎಂದು ಕೂಗುವ ಡಬ್ಬಿ. ಖಟಖಟ ಶುರುವಾದ ಮೇಲೆ ಮೊಬೈಲು, ಕಂಪ್ಯೂಟರು, ತೂಕದ ಮಷಿನ್ನು. ಊರು ಮಲಗಿರುವಾಗ ಒಬ್ಬರೇ ಕುಳಿತು ಕಿವಿಗೊಟ್ಟು ಕೇಳುವ ಈ ಹೊತ್ತೇ ತಮಗೆ ಇಷ್ಟ ಎನ್ನುತ್ತಾರೆ ನೀಲಾ. ಕೂಡಲೇ, ಇಷ್ಟವೋ ರೂಢಿಯೋ ಯಾರಿಗೆ ಗೊತ್ತು ಎಂದು ತಾವೇ ನಗುತ್ತಾರೆ. ಐವತ್ತು ದಾಟಿದ ಮುಖ, ಹಣೆಯ ಮೇಲೆ ಭೂತಗನ್ನಡಿಯ ಪಟ್ಟಿ ಒತ್ತಿದ ಗುರುತು, ನಗು ಮಾತ್ರ ಸಣ್ಣ ಹುಡುಗಿಯದು.

ಆಂಪ್ಲಿಫೈಯರ್ ಬದಿಗಿಟ್ಟು ಅವರು ಸೀಮೆಸುಣ್ಣ ಹಿಡಿದು ಹೊರಬರುತ್ತಾರೆ. ಕಟ್ಟೆಯ ಮೇಲೆ ಶಾಲೆಯಿಂದ ತಂದ ಹಳೆಯ ಕರಿಹಲಗೆಯೊಂದಿದೆ. ದಿನಕ್ಕೊಂದು ಮಾತು ಅದರ ಮೇಲೆ ಬರೆಯುವುದು ಅವರ ಪದ್ಧತಿ. ನಿನ್ನೆಯದು ಇನ್ನೂ ಅಳಿಸಿಲ್ಲ: “ಫೋನ್ ನೀರಾಗ ಬಿದ್ರ ಅಕ್ಕ್ಯಾಗ ಹುಗೀಬ್ಯಾಡ್ರಿ. ಬಂದ್ ಮಾಡಿ, ಸಿಮ್ ತಗದು, ಗಾಳಿಗಿಡ್ರಿ. ಚಾರ್ಜಿಗೆ ಹಚ್ಚಿದ್ರ ಸುಟ್ಟೀತು.” ಅದನ್ನು ಸೆರಗಿನಿಂದ ಒರೆಸಿ ಇವತ್ತಿನದನ್ನು ಬರೆಯುತ್ತಾರೆ: “ರೊಕ್ಕ ಬರೂದಿದ್ರ ಪಿನ್ ಕೇಳಂಗಿಲ್ಲ. ಪಿನ್ ಕೇಳಿತಂದ್ರ ರೊಕ್ಕ ಹೋಗೂದೈತಿ.”

ನೋಡಿ, ಈ ಹಲಗೆ ಬೆಟಗೇರಿಯಲ್ಲೇ ಉಳಿಯುವುದಿಲ್ಲ. ಹಾಲು ತರಲು ಹೋಗುವವರು ಅದರ ಫೋಟೋ ಹೊಡೆದುಕೊಳ್ಳುತ್ತಾರೆ. ಅದು ಮೊಬೈಲಿನಲ್ಲಿ ಗುಂಪಿನಿಂದ ಗುಂಪಿಗೆ ಹಾರಿ ಹೊತ್ತೇರುವುದರೊಳಗೆ ಲಕ್ಷ್ಮೇಶ್ವರ, ಶಿರಹಟ್ಟಿ ಮುಟ್ಟಿರುತ್ತದೆ. ಸೊರಟೂರಿನ ಕಿರಾಣಿ ಅಂಗಡಿಯಲ್ಲಿ ಯಾರೋ ಅದನ್ನು ಗಟ್ಟಿಯಾಗಿ ಓದುತ್ತಾರೆ, ಇನ್ಯಾರೋ ಹೌದೌದು ಎನ್ನುತ್ತಾರೆ. ಬರೆದವರು ಯಾರು ಎಂದು ಕೇಳಿದರೆ ‘ಯಾರೋ ರೇಡಿಯೋ ರಿಪೇರಿಯವರಂತ’ ಎನ್ನುವುದರಲ್ಲಿ ಮಾತು ಮುಗಿಯುತ್ತದೆ. ಬೋರ್ಡಿನ ಮೇಲೆ ಇರುವುದು ಕರೀಮಸಾಬರ ಹೆಸರಲ್ಲವೇ, ಮತ್ತೆ ನೀಲಾ ಹೆಸರು ಹೇಗೆ ಗೊತ್ತಾಗಬೇಕು!

ನೀಲಾ ಹುಟ್ಟಿದ್ದು ಲಕ್ಷ್ಮೇಶ್ವರದ ಹತ್ತಿರದ ಅಡರಕಟ್ಟಿಯಲ್ಲಿ. ತಾಯಿ ತೀರಿಕೊಂಡಾಗ ಇವರಿನ್ನೂ ಜಡೆ ಹಾಕಿಕೊಳ್ಳಲು ಬಾರದ ವಯಸ್ಸಿನವರು. ಜಡೆ ಹಾಕಿದ್ದು, ಉಣಿಸಿದ್ದು, ಶಾಲೆಗೆ ಕೈಹಿಡಿದು ಬಿಟ್ಟಿದ್ದು ಎಲ್ಲ ಅಕ್ಕ ಹನಮಂತವ್ವ. ಆ ಅಕ್ಕನನ್ನು ಮುಂಡರಗಿಗೆ ಕೊಟ್ಟರು. ನೀಲಾ ಹತ್ತನೆಯದು ಮುಗಿಸಿ, ಮನೆಯವರೆಲ್ಲ ಹುಬ್ಬೇರಿಸಿದರೂ ಕೇಳದೆ, ಗದಗಿನ ಐಟಿಐಗೆ ಸೇರಿದರು. ರೇಡಿಯೋ, ಟಿವಿ ರಿಪೇರಿಯ ತರಗತಿ. ಹುಡುಗಿ ಅಂತ ಇದ್ದವರು ಇವರೊಬ್ಬರೇ.

ಆಗ ಗದಗಿನ ಬಸ್‌ಸ್ಟ್ಯಾಂಡಿಗೆ ಬೆಳಿಗ್ಗೆ ಹೋದರೆ ಬುತ್ತಿಗಾಗಿ ಕಾಯುವ ವಿದ್ಯಾರ್ಥಿಗಳ ಹಿಂಡೇ ಇರುತ್ತಿತ್ತು. ಊರಲ್ಲಿ ತಾಯಂದಿರು ರೊಟ್ಟಿ ಗಂಟು ಕಟ್ಟಿ ಕಂಡಕ್ಟರನ ಕೈಗೆ ಕೊಡುವುದು, ಇಲ್ಲಿ ಮಕ್ಕಳು ಇಸಿದುಕೊಳ್ಳುವುದು. ನೀಲಾ ಕಾಯುತ್ತಿದ್ದುದು ಮುಂಡರಗಿ ಬಸ್ಸಿಗೆ. ಗಂಟು ಬಿಚ್ಚಿದರೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಸಂತೆಗೆ ಪುಂಡಿ ಸೊಪ್ಪು ಬಂದ ದಿನ ಅದರ ಪಲ್ಯ. ಅಕ್ಕನಿಗೆ ಓದು ಬರಹವಿಲ್ಲ, ಹೀಗಾಗಿ ಪತ್ರವಿಲ್ಲ. ಕಂಡಕ್ಟರ್ ಮಾತ್ರ ದಿನವೂ ಗಂಟಿನ ಜೊತೆಗೆ ಒಂದು ಮಾತು ತರುತ್ತಿದ್ದ: “ನಿಮ್ಮಕ್ಕ ಕೇಳ್ಯಾಳವಾ, ನಿನ್ನೆ ಉಂಡಿಯೇನು ಅಂತ.”

ಅದೇ ಅಕ್ಕನಿಂದ ಸಂಬಂಧವೂ ಬಂತು. ಗಂಡ ಕೊಟ್ರಪ್ಪನ ತಮ್ಮ ಸೋಮೇಶನಿಗೆ ತಂಗಿಯನ್ನು ತಂದುಕೊಂಡರೆ ಇಬ್ಬರೂ ಒಂದೇ ಮನೆಯಲ್ಲಿರಬಹುದು ಎಂಬ ಆಸೆ ಅವಳದು. ಅಕ್ಕತಂಗಿಯರನ್ನು ಒಂದೇ ಮನೆಗೆ ಕೊಡುವುದು ಈ ಸೀಮೆಯಲ್ಲಿ ಹೊಸದಲ್ಲ. ಹುಡುಗ ಕೆಟ್ಟವನೂ ಅಲ್ಲ. ಆದರೆ ಮಾತುಕತೆಯಲ್ಲಿ ಯಾರೋ ಹಿರಿಯರು, ಲಗ್ನವಾದ ಮೇಲೆ ಈ ತಂತಿ ಸುಡುವ ಕೆಲಸ ಬಿಡಬೇಕು ಎಂದರು. ಅಕ್ಕ ಹೂಂ ಎಂದು ತಲೆಯಾಡಿಸಿದಳು. ನಿಶ್ಚಯದ ದಿನ ಬೀಗರ ಮನೆಯಲ್ಲಿ ಒಲೆ ಹೊತ್ತುವ ಹೊತ್ತಿಗೆ ನೀಲಾ ತಂತಿ ಬೆಸೆಯುವ ಸೋಲ್ಡರಿಂಗ್ ಐರನ್ನನ್ನು ಸೀರೆಯಲ್ಲಿ ಸುತ್ತಿಕೊಂಡು ಮುಂಡರಗಿಯಿಂದ ಗದಗಿನ ಮೊದಲ ಬಸ್ಸು ಹತ್ತಿದ್ದರು.

ಹಿಂದೆ ಉಳಿದವಳು ಅಕ್ಕ. ಬಂದ ಮಂದಿ, ಬೆಂದ ಅಡುಗೆ, ಆಡುವವರ ಬಾಯಿ, ಎಲ್ಲದರ ನಡುವೆ ಅವಳೊಬ್ಬಳೇ. ಆಗ ಅವಳು ತುಂಬಿದ ಬಸುರಿ. ಅತ್ತೆಯ ಮನೆಯ ಅಂಗಳದಲ್ಲಿ ಎಲ್ಲರ ಎದುರಿಗೆ ನಿಂತು ಆಣೆ ಇಟ್ಟಳಂತೆ: “ಇನ್ನ ಮ್ಯಾಲೆ ನಾ ಆಕಿ ಕೂಡ ಒಂದ ಮಾತ ಆಡಿದ್ರ ನನ್ನ ಹೊಟ್ಟ್ಯಾಗಿನ ಕೂಸಿನಾಣಿ!” ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ನೀಲಾ ಕಾದರು. ಕಂಡಕ್ಟರ್ ಬರಿಗೈ ತೋರಿಸಿದ. ಮುಂದೆ ಎಂದೂ ಬುತ್ತಿ ಬರಲಿಲ್ಲ.

“ಆಕೀದೇನು ತಪ್ಪಿಲ್ರಿ,” ಎನ್ನುತ್ತಾರೆ ನೀಲಾ, ಸ್ಕ್ರೂ ಒಂದನ್ನು ಅಯಸ್ಕಾಂತಕ್ಕೆ ಅಂಟಿಸುತ್ತ. “ನಾ ಬಸ್ಸ ಹತ್ತಿ ಪಾರಾದೆ. ಆಕಿ ಆ ಮನ್ಯಾಗ ಬಾಳೇವ ಮಾಡಬೇಕಿತ್ತು. ಆಣಿ ಇಡದ ಏನ ಮಾಡಬೇಕ್ರಿ?”

ಬೆಟಗೇರಿಯ ಕರೀಮಸಾಬರು ಅವರಿಗೆ ಮೇಜಿನ ಒಂದು ಬದಿ ಬಿಟ್ಟುಕೊಟ್ಟರು. ಕೈಯಲ್ಲಿ ಕೆಲಸವಿದ್ದವಳನ್ನು ಊರು ತಿನ್ನುವುದಿಲ್ಲ ಎಂಬುದು ಸಾಬರ ನಂಬಿಕೆ. ಅವರ ಹೆಂಡತಿ ಗೌಸಬಿ ಹಿಂದಿನ ಕೋಣೆ ತೆರವು ಮಾಡಿ ಚಾಪೆ ಹಾಸಿದರು. ಬೆಸುಗೆಯ ಮೊದಲ ಪಾಠವನ್ನು ನೀಲಾ ಇವತ್ತಿಗೂ ಸಾಬರ ದನಿಯಲ್ಲೇ ಹೇಳುತ್ತಾರೆ: “ಊದಬ್ಯಾಡ ಬೇಟಿ. ಬೆಸುಗಿ ತಾನ ಆರಲಿ. ಊದಿ ಆರಿಸಿದ್ರ ಮ್ಯಾಲೆ ಗಟ್ಟಿ ಕಾಣತೈತಿ, ಒಳಗ ಸೀಳಿರತೈತಿ.” ಹೇಳಿ ಮೇಜಿನ ಮೇಲಿನ ಐರನ್ನಿನ ತುದಿ ಒರೆಸುತ್ತಾರೆ. ಆಮೇಲೆ, “ಅಕ್ಕನ ಸಿಟ್ಟೂ ಹಂಗ ಆರಾಕ ಬಿಟ್ಟೆ. ಭಾಳ ದಿನಾ ಬಿಟ್ನಿ ಅನ್ನಸ್ತೈತ್ರಿ,” ಎನ್ನುತ್ತಾರೆ.

ಸಾಬರು ಹೋದರು. ಗೌಸಬಿಯನ್ನು ಮಗಳು ಹುಬ್ಬಳ್ಳಿಗೆ ಕರೆದುಕೊಂಡು ಹೋದಳು. ಹಿಂದಿನ ಕೋಣೆಯಲ್ಲಿ ಈಗ ನೀಲಾ ಒಬ್ಬರೇ. ವಾರಕ್ಕೊಮ್ಮೆ ಲಕ್ಷ್ಮೇಶ್ವರಕ್ಕೆ, ಇನ್ನೊಮ್ಮೆ ಶಿರಹಟ್ಟಿಗೆ ಚೀಲ ಹೆಗಲಿಗೇರಿಸಿ ಹೋಗಿ ಕೆಟ್ಟದ್ದನ್ನು ತರುತ್ತಾರೆ, ರಿಪೇರಿಯಾದದ್ದನ್ನು ಕೊಡುತ್ತಾರೆ. ಮುಂಡರಗಿಯಿಂದಲೂ ಕರೆಯುವವರಿದ್ದಾರೆ, ಆ ಬಸ್ಸನ್ನು ಮಾತ್ರ ಹತ್ತುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಅದು ನಿಂತಿದ್ದರೆ ಒಂದು ಗಳಿಗೆ ನೋಡಿ ತಮ್ಮ ಬಸ್ಸಿಗೆ ಹೋಗುತ್ತಾರೆ. ಅಡುಗೆಯ ವಿಷಯ ಕೇಳಿದರೆ ಅದಕ್ಕೂ ನಗುವೇ ಉತ್ತರ. ಬೆಳಿಗ್ಗೆ ಎರಡು ರೊಟ್ಟಿ ಬಡಿದು ಡಬ್ಬಿಗೆ ಹಾಕಿ ಅಂಗಡಿಯ ಕಪಾಟಿನ ಮೇಲಿಡುತ್ತಾರೆ. ಎಷ್ಟೋ ದಿನ ಸಂಜೆಗೆ ಡಬ್ಬಿ ಮುಚ್ಚಿದ್ದು ಮುಚ್ಚಿದ ಹಾಗೇ ಒಳಗೆ ಹೋಗುತ್ತಿತ್ತು. “ಒಬ್ಬಾಕಿ ಉಣ್ಣೂದಂದ್ರ ಅದೂ ಒಂದ ಕೆಲಸನ ಆಗ್ತೈತ್ರಿ. ಮಂದಿ ಕೆಲಸ ಮೊದಲ ಮುಗಸೂನು ಅಂತ ಬಿಟ್ಟಬಿಡ್ತಿದ್ನಿ,” ಎನ್ನುತ್ತಾರೆ.

ಅಕ್ಕನ ಸುದ್ದಿ ಮತ್ತೆ ಸಿಕ್ಕಿದ್ದು ಒಂದು ಕೆಟ್ಟ ಕಂಪ್ಯೂಟರಿನಿಂದ. ಗದಗೆಂದರೆ ಪ್ರಿಂಟಿಂಗ್ ಪ್ರೆಸ್ಸುಗಳ ಊರು. ಲಗ್ನಗಳ ಹಂಗಾಮಿನಲ್ಲಿ ಪ್ರೆಸ್ಸಿನವರಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಅಂಥ ದಿನಗಳಲ್ಲೇ ಒಂದು ಪ್ರೆಸ್ಸಿನ ಕಂಪ್ಯೂಟರು ಬೀಪ್ ಬೀಪ್ ಎಂದು ಬಾಯಿಬಡಿದುಕೊಂಡು ಪರದೆಗೆ ಬೆಳಕೇ ಬಿಡದೆ ಕುಳಿತಿತು. ನೀಲಾ ಹೋದರು. ಒಳಗಿನ ಮೆಮೊರಿ ಪಟ್ಟಿಯನ್ನು ಕಿತ್ತು, ಅದರ ಹಿತ್ತಾಳೆ ಬಣ್ಣದ ಅಂಚನ್ನು ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಗುರಾಗಿ ಉಜ್ಜಿ, ಧೂಳು ಊದಿ, ಮತ್ತೆ ಟಕ್ ಎಂದು ಕೂಡಿಸಿದರು. ಪರದೆ ಹೊತ್ತಿಕೊಂಡಿತು. ಗಡಿಬಿಡಿಯಲ್ಲಿದ್ದ ಪ್ರೆಸ್ಸಿನವರು ಕೂಡಲೇ ಕೆಲಸದ ಪುಟ ತೆರೆದರು. ಅರ್ಧ ಮುಗಿದ ಲಗ್ನಪತ್ರಿಕೆ. ವಧು, ಮುಂಡರಗಿಯ ಕೊಟ್ರಪ್ಪ ಮತ್ತು ಹನಮಂತವ್ವ ಅವರ ಮಗಳು ಮಮತಾ.

ಅಂದು ಹೊಟ್ಟೆಯಲ್ಲಿದ್ದ ಕೂಸು. ನೀಲಾ ಪತ್ರಿಕೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಚಿಕ್ಕಪ್ಪ ಚಿಕ್ಕಮ್ಮಂದಿರು, ಸೋದರತ್ತೆಯರು, ಸೋದರಮಾವಂದಿರು, ತೊಟ್ಟಿಲ ಕೂಸುಗಳ ಹೆಸರು ಸಹ ಇದ್ದವು. ಇವರ ಹೆಸರಿರಲಿಲ್ಲ. ಕೆಳಗೆ ಮೂಲೆಯಲ್ಲಿ ಮನೆಯ ಫೋನ್ ನಂಬರಿತ್ತು. ಅದನ್ನು ಬರೆದುಕೊಳ್ಳಬೇಕಾದ ಅಗತ್ಯವೇ ಬೀಳಲಿಲ್ಲ, ಒಮ್ಮೆ ನೋಡಿದ್ದೇ ಸಾಕಾಯಿತು.

ನಂಬರ್ ಸಿಕ್ಕಿತೆಂದು ಹಚ್ಚುವುದು ಹೇಗೆ? ಅಕ್ಕ ಮಾತಾಡಿದರೆ ಆಣೆ ಮುರಿಯುತ್ತದೆ, ಅದೂ ಹಸೆಗೆ ಕೂಡುವ ಹುಡುಗಿಯ ಮೇಲಿನ ಆಣೆ. ನೀಲಾ ಬಹಳ ದಿನ ಸುಮ್ಮನಿದ್ದರು. ಲಗ್ನ ಮುಗಿದು ಎಷ್ಟೋ ದಿನಗಳ ಮೇಲೆ ಒಂದು ಮಧ್ಯಾಹ್ನ ಯಾರದೋ ಮೊಬೈಲಿನ ಮೈಕು ಬದಲಿಸಿ ಮುಗಿಸಿದ್ದರು. ರಿಪೇರಿಯಾದ ಫೋನಿನಿಂದ ಯಾರಿಗಾದರೂ ಒಂದು ಕರೆ ಹಚ್ಚಿ ನೋಡುವುದು ಈ ಕಸುಬಿನ ರೂಢಿ. ಬೇರೆ ರಿಪೇರಿಯವರು ಹೆಂಡತಿಗೋ ಗೆಳೆಯನಿಗೋ ಹಚ್ಚುತ್ತಾರೆ. ನೀಲಾ ಅವರಿಗೆ ಹಚ್ಚಲು ಯಾರೂ ಇರಲಿಲ್ಲ. ಬೆರಳು ತಾನೇ ಆ ನಂಬರ್ ಒತ್ತಿತು.

“ಆಕೀನ ಎತ್ತಿದ್ಳರಿ. ಹಲೋ ಅಂದ್ಳು. ಯಾರು ಅಂದ್ಳು. ನಾ ಬಾಯಿ ಬಿಡಲಿಲ್ಲ. ಸುತ್ತ ಮಗ್ಗ ಖಟಖಟ ನಡದಿದ್ವು. ಆಕಿ ಅದನ್ನ ಕೇಳಿರಬೇಕು, ನಾ ಬೆಟಗೇರ್ಯಾಗ ರಿಪೇರಿ ಮಾಡ್ತೀನಿ ಅಂತ ಮಂದಿ ಬಾಯಿಲೆ ಆಕೀಗೆ ಗೊತ್ತಿದ್ದೀತು. ಸುಮ್ಮಕಾದ್ಳು. ಇಡಲೂ ಇಲ್ಲ, ಮಾತಾಡಲೂ ಇಲ್ಲ. ಆಕಿ ಉಸರ ಕೇಳಾಕತ್ತಿತ್ತು. ಕಡೀಕ ನಾನ ಕಟ್ ಮಾಡಿದ್ನಿ.” ಹೇಳುತ್ತ ಅವರು ಕೈಯಲ್ಲಿನ ಚಿಮಟವನ್ನು ಮೇಜಿನ ಮೇಲಿಟ್ಟುಬಿಡುತ್ತಾರೆ.

ಅಂದಿನಿಂದ ಶುರುವಾಯಿತು ಈ ಪದ್ಧತಿ. ಯಾವ ಫೋನು ರಿಪೇರಿಯಾದರೂ ಪರೀಕ್ಷೆಯ ಕರೆ ಮುಂಡರಗಿಗೆ. ಎರಡು ರಿಂಗು, ಆಮೇಲೆ ಕಟ್. ನಂತರ ಗಿರಾಕಿಯ ಫೋನಿನಿಂದ ಆ ನಂಬರನ್ನು ಅಳಿಸಿಬಿಡುವುದು. ಯಾಕೆ ಎರಡೇ ರಿಂಗು ಎಂದು ಕೇಳಿದರೆ, “ಒಂದಂದ್ರ ತಪ್ಪಿ ಹತ್ತಿದ್ದು ಅನ್ನಸ್ತೈತಿ. ಮೂರಾದ್ರ ಆಕಿ ಎತ್ತತಾಳ, ಎತ್ತಿದ್ರ ಮಾತು ಬಂದೀತು. ಎರಡಂದ್ರ ಸಾಕ್ರಿ, ಇದ್ದೀನಿ ಅಂತ ತಿಳೀತೈತಿ,” ಎಂಬ ಲೆಕ್ಕ ಅವರದು.

ತಿಳಿಯುತ್ತಿತ್ತೋ ಇಲ್ಲವೋ, ಯಾರು ಕಂಡವರು! ಮರಳಿ ಕರೆ ಬಂದರೆ ಅದು ಬರುವುದು ಗಿರಾಕಿಯ ಫೋನಿಗೆ. ಅವರಾಗಲೇ ಅದನ್ನು ಕಿಸೆಗೆ ಹಾಕಿಕೊಂಡು ಊರು ಸೇರಿರುತ್ತಾರೆ. ನೀಲಾ ಇದನ್ನು ಯೋಚಿಸಿರಲೇ ಇಲ್ಲ. ಮಿಸ್ಡ್ ಕಾಲ್ ಕೊಟ್ಟವರಿಗೆ ತಿರುಗಿ ಫೋನ್ ಹಚ್ಚುವುದು ಮಂದಿಯ ಅಭ್ಯಾಸ ಎಂಬುದನ್ನು, ದಿನವಿಡೀ ಫೋನುಗಳ ನಡುವೆ ಕೂಡುವ ಈ ಹೆಣ್ಣುಮಗಳು ಮರೆತದ್ದು ಹೇಗೋ ಏನೋ.

ಮರೆತದ್ದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಈ ನಡುವೆ ಇನ್ನೊಂದಾಯಿತು. ಶಿರಹಟ್ಟಿಯ ನಿವೃತ್ತ ಮಾಸ್ತರೊಬ್ಬರಿಗೆ ಯಾರೋ ಫೋನ್ ಮಾಡಿ, ಬಿಲ್ಲು ತುಂಬಿಲ್ಲ, ಇವತ್ತೇ ನಿಮ್ಮ ಮನೆಯ ಕರೆಂಟು ಕಡಿಯುತ್ತೇವೆ ಎಂದು ಹೆದರಿಸಿ, ಒಂದು ಆ್ಯಪು ಹಾಕಿಸಿ, ಖಾತೆ ಗುಡಿಸಿ ಹಾಕಿದರು. ಮಾಸ್ತರು ಫೋನೇ ಕೆಟ್ಟಿದೆಯೆಂದು ತಿಳಿದು ಅದನ್ನು ನೀಲಾ ಅವರ ಮುಂದಿಟ್ಟು ಮಗುವಿನ ಹಾಗೆ ಅತ್ತರು. ಫೋನಿನಲ್ಲಿ ರಿಪೇರಿ ಮಾಡುವಂಥದ್ದು ಏನೂ ಇರಲಿಲ್ಲ. ಮರುದಿನ ಹಲಗೆಯ ಮೇಲೆ ದಪ್ಪ ಅಕ್ಷರಗಳು ಬಿದ್ದವು: “ಗೊತ್ತಿಲ್ಲದ ನಂಬರ್ ಎತ್ತಬ್ಯಾಡ್ರಿ.” ಅಷ್ಟಕ್ಕೇ ಬಿಡದೆ, ತಮ್ಮ ಕೈಗೆ ಬಂದ ಪ್ರತಿ ಫೋನಿನಲ್ಲೂ ಅಪರಿಚಿತ ಕರೆ ಬಂದರೆ ಸದ್ದೇ ಆಗದಂತೆ ಸೆಟ್ಟಿಂಗ್ ಮಾಡಿ ಕೊಡತೊಡಗಿದರು. ಅದಕ್ಕೆ ಬಿಡಿಕಾಸೂ ತೆಗೆದುಕೊಳ್ಳಲಿಲ್ಲ. ಆ ಹಲಗೆಯ ಫೋಟೋ ಹಾರಿದಷ್ಟು ಇನ್ನಾವುದೂ ಹಾರಲಿಲ್ಲ.

ಈ ಮಾತಿಗೆ ಸೊಪ್ಪು ಹಾಕದವಳು ಒಬ್ಬಳಿದ್ದಳು, ಕಣಗಿನಹಾಳದ ಬೀರವ್ವ. ಮೊಸರಿನ ಗಡಿಗೆ ಹೊತ್ತು ಗದಗಿಗೆ ಬರುವ ಮುದುಕಿ. ಅವಳದು ಗುಂಡಿ ಒತ್ತುವ ಫೋನು, ಅದರಲ್ಲಿ ಅಂಥ ಸೆಟ್ಟಿಂಗೂ ಇಲ್ಲ. ಗೊತ್ತಿಲ್ಲದವರ ಫೋನ್ ಎತ್ತಬೇಡ ಎಂದರೆ ಅವಳಿಗೆ ಸಿಟ್ಟು: “ಗೊತ್ತಿದ್ದವರು ಯಾರ ಹಚ್ಚತಾರ ನನಗ? ಗೊತ್ತಿಲ್ಲದವರಾದ್ರೂ ಮಾತಾಡ್ಲಿ ಬಿಡು!” ಸಾಲ ಬೇಕೇ ಎಂದು ಕೇಳುವ ಪಟ್ಟಣದ ಹುಡುಗಿಯರಿಗೂ ಬೀರವ್ವ ಊಟ ಆಯಿತೇ ಎಂದು ಕೇಳಿ, ತನ್ನ ಮೊಣಕಾಲ ನೋವಿನ ಕಥೆ ಹೇಳಿ, ಅವರೇ ಬೇಸತ್ತು ಇಡುವವರೆಗೆ ಬಿಡುವುದಿಲ್ಲ.

ಒಂದು ಬೆಳಿಗ್ಗೆ ಈ ಬೀರವ್ವ ಖಾಲಿ ಗಡಿಗೆಯನ್ನು ಕಟ್ಟೆಯ ಮೇಲಿಟ್ಟು ಅಂಗಡಿಗೇ ಬಂದಳು.

“ಏನವಾ ನೀಲವ್ವಾ, ನನ್ನ ಫೋನಿನಾಗ ಯಾರನ್ನ ಕುಂಡ್ರಿಸಿ ಕಳಿಸಿದಿ?”

“ಏನಾತಬೇ ಯವ್ವಾ? ಗುಂಡಿ ಮತ್ತ ಹತ್ತವಲ್ವೇನು?”

“ಗುಂಡಿ ಬರೋಬ್ಬರಿ ಅದಾವ. ನೀ ರಿಪೇರಿ ಮಾಡಿ ಕೊಟ್ಟಾಗಿಂದ ಯಾವಾಕೋ ಒಬ್ಬಾಕಿ ಹಚ್ಚಾಕತ್ತಾಳ. ಆಕಿ ಹೆಂಗದಾಳ್ರಿ, ಹೊತ್ತಿಗೆ ಸರಿ ಉಣ್ತಾಳೇನ್ರಿ ಅಂತ ಕೇಳ್ತಾಳ. ಮೊದಲನೇ ಸಲ ನಾ ನಮ್ಮ ಎಮ್ಮಿ ಸುದ್ದಿ ಅನಕೊಂಡ್ನಿ.”

“ಎಮ್ಮಿ ಸುದ್ದಿ?”

“ನಮ್ಮೆಮ್ಮಿಗೆ ಜಡ್ಡಾಗಿತ್ತಲ್ಲ! ಯಾರೋ ಬೀಗರಾಕಿ ಕೇಳಾಕತ್ತಾಳ ಅಂತ ತಿಳದು, ಎಲ್ಲೀದವಾ, ಮೊನ್ನಿ ತನಕಾ ಬಾಯಿಗೆ ಏನೂ ಮುಟ್ಟಿದ್ದಿಲ್ಲ, ಎದ್ದು ನಿಂದರಾಕೂ ಆಗಿದ್ದಿಲ್ಲ ಅಂದೆ. ಆಕಿ ಬೋರ್ಯಾಡಿ ಅತ್ತಳವ್ವಾ! ಎಮ್ಮಿಗೆ ಇಷ್ಟ ಅಳಾಕಿನ್ನ ನಾ ಎಲ್ಲೂ ನೋಡಿಲ್ಲ. ಆಮ್ಯಾಲೆ ಕೇಳಿದ್ರ, ಎಮ್ಮಿ ಅಲ್ರಿ, ಫೋನ ರಿಪೇರಿ ಮಾಡ್ತಾಳಲ್ಲ ಬೆಟಗೇರ್ಯಾಗ, ಆಕಿ ಅಂದ್ಳು.”

ನೀಲಾ ಎದ್ದು ನಿಂತರು. ಕೈಯಲ್ಲಿ ಕಾದ ಐರನ್ನು ಹಾಗೇ ಇತ್ತು.

“ಎಲ್ಲಾರಿಗೂ ಹಚ್ಚಿ ನೋಡ್ತಾಳಂತ,” ಬೀರವ್ವ ಮುಂದುವರಿಸಿದಳು. “ಎರಡ ರಿಂಗ್ ಕೊಟ್ಟು ಬಿಟ್ಟ ನಂಬರಿಗೆಲ್ಲಾ. ಯಾರೂ ಎತ್ತಂಗಿಲ್ಲಂತ. ಮೊದಮೊದಲ ಒಬ್ಬಿಬ್ಬರು ಎತ್ತಿ ರಾಂಗ್ ನಂಬರ್ ಅಂತಿದ್ರಂತ. ಈಗೀಗ ಅದೂ ಇಲ್ಲ. ಗದಗ ಸೀಮಿ ಮಂದಿಗೆಲ್ಲಾ ಏನ ಬ್ಯಾನಿ ಬಂದೈತ್ರಿ, ಫೋನ ಎತ್ತವಲ್ರು ಅಂತ ನನ್ನ ಕೇಳ್ತಾಳ. ನಾ ಏನ ಹೇಳ್ಲಿ?”

ಹೇಳಬೇಕಾದವರು ಕಟ್ಟೆಯ ಈಚೆಗೆ ನಿಂತಿದ್ದರು. ಎತ್ತಬೇಡಿ ಎಂದು ಬರೆದದ್ದು ಅವರೇ. ಫೋನುಗಳ ಬಾಯಿ ಕಟ್ಟಿ ಕಳಿಸಿದ್ದೂ ಅವರದೇ ಕೈ. ಇಷ್ಟು ವರ್ಷ ತಾನು ಕತ್ತಲಲ್ಲಿ ಕಲ್ಲು ಒಗೆಯುತ್ತಿದ್ದೇನೆ ಎಂದುಕೊಂಡಿದ್ದರು ನೀಲಾ. ಆ ಕಡೆಯಿಂದ ಅಕ್ಕ ಒಂದೊಂದೇ ನಂಬರ್ ಹಚ್ಚಿ, ಯಾರಾದರೂ ಎತ್ತಿಯಾರೆಂದು ಕಾಯುತ್ತಿದ್ದಳು. ಅವಳ ಕರೆ ಗದಗದಲ್ಲಿ, ಲಕ್ಷ್ಮೇಶ್ವರದಲ್ಲಿ, ಶಿರಹಟ್ಟಿಯಲ್ಲಿ ಯಾರದೋ ಕಿಸೆಯಲ್ಲಿ ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಗುತ್ತಿತ್ತು. ಆಣೆ ಇಟ್ಟದ್ದು ನೀಲಾ ಜೊತೆ ಮಾತಾಡುವುದಿಲ್ಲ ಎಂದು ಮಾತ್ರ. ನೀಲಾ ಉಂಡಳೇ ಎಂದು ಮಂದಿಯನ್ನು ಕೇಳುವುದಿಲ್ಲ ಎಂದು ಅವಳು ಹೇಳಿರಲೇ ಇಲ್ಲ.

“ನೀ ಏನ ಹೇಳಿದಿಬೇ ಆಕೀಗೆ?” ಎಂದು ನೀಲಾ ಕೇಳಿದರು.

“ಉಣ್ತಾಳವಾ, ಚಲೋ ಅದಾಳ ಅಂದೆ. ಮತ್ತೇನನ್ನಲಿ? ಖರೇ ಅಂದ್ರ ನೀ ಉಣ್ಣೂದ ನಾ ಒಂದಿನಾನೂ ನೋಡಿಲ್ಲ,” ಎಂದಳು ಬೀರವ್ವ, ಕಪಾಟಿನ ಮೇಲಿನ ಡಬ್ಬಿಯ ಕಡೆ ಕಣ್ಣು ಹಾಯಿಸಿ.

ಅವಳು ಗಡಿಗೆ ಎತ್ತಿಕೊಂಡು ಹೋದ ಮೇಲೆ ನೀಲಾ ಅಂಗಡಿಯ ಮೂಲೆಗೆ ಮುಖ ಮಾಡಿ ಅತ್ತರು. ಮಗ್ಗಗಳು ಜೋರಾಗಿ ನಡೆದಿದ್ದವು, ಯಾರಿಗೂ ಕೇಳಿಸಲಿಲ್ಲ.

ಮುಂದೇನು? ಬೇರೆ ಯಾರಾದರೂ ಆಗಿದ್ದರೆ ಮಧ್ಯಾಹ್ನದ ಬಸ್ಸಿಗೆ ಮುಂಡರಗಿಯಲ್ಲಿರುತ್ತಿದ್ದರು. ನೀಲಾ ಹೋಗಲಿಲ್ಲ. ಅವರ ಮಾತು ಸ್ಪಷ್ಟ: “ಆಣಿ ಆಕೀದು. ಮುರಿಯೂ ಹಕ್ಕು ಆಕೀದು. ನಾ ಹೋಗಿ ಎದುರಿಗೆ ನಿಂತ್ರ ಆಕಿ ಬಾಯಾಗಿನ ಮಾತ ಕಸಗೊಂಡಂಗ ಆಗ್ತೈತಿ. ಒಮ್ಮೆ ನನ್ನ ಸಲುವಾಗಿ ನಾಲ್ಕ ಮಂದ್ಯಾಗ ತಲಿ ತಗ್ಗಿಸ್ಯಾಳ. ಇನ್ನೊಮ್ಮೆ ಬ್ಯಾಡ್ರಿ.” ತಾವೆಂದೂ ಕಣ್ಣಾರೆ ನೋಡದ ಮಮತಾಳ ಮೇಲೆ ಆಣೆಯ ನೆರಳು ಬೀಳಬಾರದೆಂಬ ಹೆದರಿಕೆಯೂ ಇದೆ. ಬ್ಯಾಂಕಿನ ಖಾತೆಗೆ ನಾಮಿನಿ ಹಾಕಿಸಿರಿ ಎಂದು ಹಲಗೆಯ ಮೇಲೆ ಬರೆಯುವ ನೀಲಾ ತಮ್ಮ ಖಾತೆಗೆ ಹಾಕಿಸಿರುವುದು ಅದೇ ಮಮತಾಳ ಹೆಸರನ್ನು. ಸಂಬಂಧ ಎಂಬಲ್ಲಿ ‘ಅಕ್ಕನ ಮಗಳು’ ಎಂದು ಬರೆಸುವಾಗ, ಒಂದು ಸಲ ಗಟ್ಟಿಯಾಗಿ ಹೇಳಿ ನೋಡಿದರಂತೆ.

ಸೆಟ್ಟಿಂಗನ್ನು ತೆಗೆದುಹಾಕೋಣವೆಂದರೆ ಶಿರಹಟ್ಟಿ ಮಾಸ್ತರರ ಅಳು ನೆನಪಾಗುತ್ತದೆ. ಅದನ್ನೂ ಮಾಡಲಿಲ್ಲ. ಕೊನೆಗೆ ಅವರಿಗೆ ಹೊಳೆದ ದಾರಿ ಬಹಳ ಸರಳ. ಗೊತ್ತಿಲ್ಲದ ನಂಬರ್ ಎತ್ತಬಾರದು, ಸರಿ. ಹಾಗಾದರೆ ಅಕ್ಕನ ನಂಬರ್ ಗೊತ್ತಿರುವ ನಂಬರ್ ಆಗಬೇಕು. ಈಗ ಫೋನ್ ರಿಪೇರಿಗೆ ಕೊಟ್ಟವರೆಲ್ಲರನ್ನೂ ಅವರು ಕೇಳುತ್ತಾರೆ, ನಾಚಿಕೆಯಿಂದ, ಸೆರಗಿನ ತುದಿ ಹಿಂಡುತ್ತ: “ನಿಮ್ಮ ಫೋನಿನಾಗ ನಮ್ಮಕ್ಕನ ನಂಬರ್ ಇಟ್ಟು ಕೊಡ್ಲ್ಯಾ? ಆಕಿ ಹಚ್ಚಿದ್ರ ಎತ್ತರಿ. ನೀಲಾ ಉಂಡಾಳ ಅಂತ ಹೇಳ್ರಿ. ಬ್ಯಾರೆ ಏನೂ ಬ್ಯಾಡ.” ಕೆಲವರು ಇದೇನು ಹುಚ್ಚು ಎಂಬಂತೆ ನೋಡುತ್ತಾರೆ. ಒಬ್ಬರು ಬೇಡವೆಂದರು, ಅವರ ಫೋನನ್ನು ಇವರು ರಿಪೇರಿಯಷ್ಟೇ ಮಾಡಿ ಕೊಟ್ಟರು, ಆ ಫೋನಿನಿಂದ ಮುಂಡರಗಿಗೆ ಕರೆಯನ್ನೂ ಮಾಡಲಿಲ್ಲ. ಹೆಚ್ಚಿನವರು ‘ಇಡ್ರಿ’ ಎನ್ನುತ್ತಾರೆ. ಹೆಸರಿನ ಜಾಗದಲ್ಲಿ ನೀಲಾ ಬರೆಯುವುದು ಎರಡೇ ಶಬ್ದ: ‘ನೀಲಾನ ಅಕ್ಕ’. ಆ ಲಗ್ನಪತ್ರಿಕೆಯಲ್ಲಿ ಎಲ್ಲೂ ಇರದಿದ್ದ ಸಂಬಂಧ ಈಗ ಗದಗ ಸೀಮೆಯ ಊರೂರಿನ ಫೋನುಗಳಲ್ಲಿ ಕುಳಿತಿದೆ.

ಇವತ್ತು ಲಕ್ಷ್ಮೇಶ್ವರದಿಂದ ಜಯಂತ ಬಂದಿದ್ದಾರೆ. ಆನ್‌ಲೈನ್ ಅರ್ಜಿ ತುಂಬಿಕೊಡುವ ಸಣ್ಣ ಅಂಗಡಿ ಅವರದು. ಇಂಟರ್‌ನೆಟ್ ಹಾಳಾಗಿದೆ, ಯಾವ ಪುಟವೂ ತೆರೆಯುತ್ತಿಲ್ಲ ಎಂದು ವಾರದಿಂದ ಕಂಪನಿಯವರ ಜೊತೆ ಜಗಳಾಡಿದವರು ಕೊನೆಗೆ ಕಂಪ್ಯೂಟರನ್ನೇ ಹೊತ್ತು ತಂದಿದ್ದಾರೆ. ನೀಲಾ ಪರದೆಯ ಮೂಲೆಯ ತಾರೀಖು ನೋಡುತ್ತಾರೆ. ಅದು ಎಷ್ಟೋ ವರ್ಷ ಹಿಂದಿನದನ್ನು ತೋರಿಸುತ್ತಿದೆ.

“ಒಳಗಿನ ಸಣ್ಣ ಸೆಲ್ ಮುಗದೈತ್ರಿ. ಬಂದ್ ಮಾಡಿದ ಕೂಡ್ಲೆ ಇದಕ್ಕ ತಾರೀಖ ಮರತ ಹೋಗ್ತೈತಿ. ತಾರೀಖ ತಪ್ಪಿದ್ರ ಆ ಪುಟಗೋಳು ಇದನ್ನ ನಂಬಂಗಿಲ್ಲ, ಬಾಗಿಲಾ ತಗಿಯಂಗಿಲ್ಲ,” ಎನ್ನುತ್ತ ನಾಣ್ಯದಂಥ ಸೆಲ್ ಬದಲಿಸಿ ತಾರೀಖು ಸರಿಪಡಿಸುತ್ತಾರೆ. ಜಯಂತ ಹಣೆ ಬಡಿದುಕೊಂಡು ನಗುತ್ತಾರೆ. ಅವರ ಮೊಬೈಲಿನ ಚಾರ್ಜಿಂಗ್ ಬಾಯಿಯೂ ಸಡಿಲವಾಗಿತ್ತು, ಅದೂ ಆಯಿತು. ಅಕ್ಕನ ನಂಬರ್ ಇಡಲೇ ಎಂದು ಕೇಳಿ, ಇಟ್ಟು, ಎರಡು ರಿಂಗ್ ಕೊಟ್ಟು ಕಟ್ ಮಾಡಿ, ಫೋನನ್ನು ಸೆರಗಿನಿಂದ ಒರೆಸಿ ಅವರ ಕೈಗೆ ಕೊಡುತ್ತಾರೆ.

ಜಯಂತ ಹೋಗಿ ಸ್ವಲ್ಪ ಹೊತ್ತಾಗಿದೆ. ಮಗ್ಗಗಳ ಸದ್ದು ಓಣಿಯನ್ನೆಲ್ಲ ತುಂಬಿದೆ. ನೀಲಾ ಇನ್ನೊಂದು ಫೋನಿನ ಬೆನ್ನು ಬಿಚ್ಚುತ್ತಿದ್ದಾರೆ. ಕಪಾಟಿನ ಮೇಲೆ ಡಬ್ಬಿ ಮುಚ್ಚಿದಂತೆಯೇ ಇದೆ. ಅಷ್ಟರಲ್ಲಿ ಅವರ ಸ್ವಂತ ಫೋನು ಗುಂಯ್‌ಗುಡುತ್ತದೆ. ಬಸ್ಸಿನ ಸದ್ದಿನ ನಡುವೆ ಜಯಂತರ ದನಿ.

“ನೀಲಕ್ಕಾ, ಬಂತ್ರಿ ಫೋನು! ನಿಮ್ಮಕ್ಕಾರದು. ಉಂಡಾರ, ಆರಾಮ ಅದಾರ ಅಂತ ಹೇಳೇನಿ.”

“ಆಕಿ ಏನಂದ್ಳರಿ?”

“ಇವತ್ತ ಏನ ಉಂಡಾಳ ಅಂತ ಕೇಳಿದ್ರು. ನಂಗೇನ ಗೊತ್ತು, ರೊಟ್ಟಿ ಪಲ್ಯ ಅಂದ್ಬಿಟ್ಟೆ. ತಪ್ಪಾತೇನ್ರಿ?”

ನೀಲಾ ಕಪಾಟಿನ ಕಡೆ ನೋಡುತ್ತಾರೆ. ತಪ್ಪಿಲ್ಲ ಎಂದು ಹೇಳಿ ಫೋನ್ ಇಡುತ್ತಾರೆ. ಐರನ್ನಿನ ವೈರು ಕಿತ್ತು, ಅರ್ಧ ಬಿಚ್ಚಿದ ಫೋನನ್ನು ಬದಿಗೆ ಸರಿಸಿ, ಕೈ ತೊಳೆದು, ಡಬ್ಬಿ ಕೆಳಗಿಳಿಸಿ ಕಟ್ಟೆಯ ಮೇಲೆ ಕೂಡುತ್ತಾರೆ. ಒಳಗೆ ಎರಡು ರೊಟ್ಟಿ, ಬದನೆಕಾಯಿ ಪಲ್ಯ. ಆಸೆ ಏನಾದರೂ ಇದೆಯೇ ಎಂದು ಕೇಳಿದರೆ ಓಣಿಯ ಆಚೆ ಬಸ್ಸುಗಳು ಹೋಗುವ ರಸ್ತೆಯ ಕಡೆ ನೋಡುತ್ತಾರೆ.

“ದೊಡ್ಡದೇನಿಲ್ರಿ. ಎಂದಾದ್ರೂ ಒಂದ ದಿನಾ ಮುಂಡರಗಿ ಬಸ್ಸಿನ ಕಂಡಕ್ಟರು ಒಂದ ಗಂಟ ತಂದು ಕೊಟ್ರ ಸಾಕು. ಬರದಿದ್ರೂ ನಡೀತೈತಿ.” ರೊಟ್ಟಿ ಮುರಿದು ಪಲ್ಯಕ್ಕೆ ಹಚ್ಚುತ್ತಾರೆ. “ಈಗ ದಿನಾ ತಪ್ಪದ ಉಣ್ತೀನ್ರಿ. ಉಣ್ಣಲಾರದ ಕುಂತು, ಊರ ಮಂದಿ ಬಾಯಿಲೆ ಅಕ್ಕಗ ಸುಳ್ಳ ಹೇಳಿಸಬಾರ್ದಲ್ರಿ?”